ಅತ್ತೆಯ ಸರ್ಚು, ಮಾವನ ಸ್ವಿಚ್ಚು

ನಮ್ಮ ಮನೆಯಲ್ಲಿ ಸುಮ್ಮನೆ ಕೂರುವ ಹಕ್ಕು ಯಾರಿಗೂ ಇಲ್ಲ. ಮನುಷ್ಯರು ಸುಮ್ಮನೆ ಕೂತರೆ ಅತ್ತೆ ಎಬ್ಬಿಸುತ್ತಾರೆ, ಯಂತ್ರಗಳು ಸುಮ್ಮನೆ ಕೂತರೆ ಮಾವ ಆಫ್ ಮಾಡುತ್ತಾರೆ. ನಾನು ಸೊಸೆಯಾಗಿ ಬಂದ ಹೊಸದರಲ್ಲಿ ಕುರ್ಚಿಯಿಂದೆದ್ದು ನೀರು ಕುಡಿದು ಬರುವಷ್ಟರಲ್ಲಿ ಫ್ಯಾನು ನಿಂತಿರುತ್ತಿತ್ತು, ದೀಪ ಆರಿರುತ್ತಿತ್ತು. ಮಾವ ಮಾತ್ರ ಏನೂ ಅರಿಯದವರಂತೆ ಪೇಪರ್ ಓದುತ್ತ ಕೂತಿರುತ್ತಿದ್ದರು. ಮೊದಮೊದಲು ಕರೆಂಟ್ ಹೋಯಿತೆಂದೇ ತಿಳಿಯುತ್ತಿದ್ದೆ.

ಆದರೆ ನಾನು ಹೇಳಹೊರಟಿರುವುದು ಅತ್ತೆಯ ವಿಚಾರ. ಅವರಿಗೆ ಅರವತ್ತು ದಾಟಿದೆ. ಕುಳ್ಳಗಿದ್ದಾರೆ, ಕನ್ನಡಕ ಸದಾ ತಲೆಯ ಮೇಲಿರುತ್ತದೆ, ಕೋಪ ಸದಾ ಮೂಗಿನ ತುದಿಯಲ್ಲಿರುತ್ತದೆ. ಅತ್ತೆಗೊಂದು ಕಾಲ ಸೊಸೆಗೊಂದು ಕಾಲ ಎಂಬ ಗಾದೆಯನ್ನು ಮದುವೆಯ ದಿನವೇ ನನ್ನ ಕಿವಿಗೆ ಹಾಕಿದವರಿದ್ದರು. ನನ್ನ ಕಾಲ ಇನ್ನೂ ಬಂದಿಲ್ಲ, ಬರಲಿ ಎಂದು ನಾನು ಕಾಯುತ್ತಲೂ ಇಲ್ಲ. ಇಂಥ ಹೆಂಗಸಿನ ಕಾಲ ಇನ್ನಷ್ಟು ದಿನ ನಡೆಯಲಿ ಎಂಬುದೇ ನನ್ನ ಆಸೆ.

ಅತ್ತೆ ಮಾಡುವುದು ಫೋಟೋ ರಿಪೇರಿ. ಹರಿದದ್ದು, ಮಸುಕಾದದ್ದು, ನೀರು ಕುಡಿದದ್ದು, ಹುಳ ತಿಂದದ್ದು, ಎಂಥ ಹಳೆಯ ಫೋಟೋ ತಂದುಕೊಟ್ಟರೂ ಅದರೊಳಗಿನ ಮುಖವನ್ನು ಎಬ್ಬಿಸಿ ಕೂರಿಸುತ್ತಾರೆ. ಹರೆಯದಲ್ಲಿ ಒಂದು ಸ್ಟುಡಿಯೋದಲ್ಲಿ ಕೂತು ಸಣ್ಣ ಕುಂಚದಿಂದ ಫೋಟೋ ತಿದ್ದುತ್ತಿದ್ದರಂತೆ. ಕಂಪ್ಯೂಟರ್ ಬಂತು, ಸ್ಟುಡಿಯೋ ಮುಚ್ಚಿತು. ಮಾಲೀಕ ಕುಂಚಗಳನ್ನು ಇವರ ಕೈಗಿಟ್ಟು, "ನಿಮ್ಮಂಥೋರ ಕೆಲಸ ಮುಗೀತಮ್ಮ, ಇನ್ನು ಮನೇಲಿ ಆರಾಮಾಗಿರಿ" ಎಂದನಂತೆ. ಅತ್ತೆ ಮಾರನೆಯ ದಿನವೇ ಕಂಪ್ಯೂಟರ್ ಕ್ಲಾಸಿಗೆ ಸೇರಿದರು. ಕ್ಲಾಸಿನಲ್ಲಿ ಇದ್ದವರೆಲ್ಲ ಮಗನ ವಯಸ್ಸಿನವರು. ಮೌಸ್ ಹಿಡಿಯಲು ಬರದೆ ತಡಕಾಡಿದರೆ ಹಿಂದಿನ ಬೆಂಚಿನವರು ನಗುತ್ತಿದ್ದರು, ಇವರು ತಿರುಗಿ ನೋಡಿದರೆ ನಗು ನಿಲ್ಲುತ್ತಿತ್ತು.

ಗಿರಾಕಿಗಳ ಜೊತೆ ಅತ್ತೆಯದು ಕಡ್ಡಿ ಮುರಿದ ಹಾಗೆ ಮಾತು. ಒಮ್ಮೆ ಒಬ್ಬರು ತೀರಿಹೋದ ತಂದೆಯ ಫೋಟೋ ತಂದು, ಸರಿಮಾಡುವಾಗ ಹಾಗೇ ಸ್ವಲ್ಪ ಬೆಳ್ಳಗೂ ಮಾಡಿಕೊಡಿ ಅಂದರು.

"ನಿಮ್ಮಪ್ಪನ ಬಣ್ಣ ನಿಮಗೆ ಬೇಡ್ವಾ?" ಅತ್ತೆ ಕೇಳಿದರು.

"ಹಾಗಲ್ಲಮ್ಮ, ಗೋಡೆ ಮೇಲೆ ಹಾಕೋದು, ನೋಡೋಕೆ ಚೆನ್ನಾಗಿರ್ಲಿ ಅಂತ."

"ಹಂಗಿದ್ರೆ ಗೋಡೆಗೆ ಸುಣ್ಣ ಹೊಡಿಸ್ಕೊಳ್ಳಿ, ಬೆಳ್ಳಗಿರುತ್ತೆ" ಎಂದು ಫೋಟೋ ವಾಪಸು ಕೊಟ್ಟುಬಿಟ್ಟರು. ಆತ ಗೇಟಿನವರೆಗೆ ಹೋಗಿ, ಏನನ್ನಿಸಿತೋ, ತಿರುಗಿ ಬಂದು ಇದ್ದ ಹಾಗೇ ಮಾಡಿಕೊಡಿ ಎಂದು ಬಿಟ್ಟುಹೋದರು.

ಅಡುಗೆಮನೆಗೂ ಬಚ್ಚಲಿಗೂ ನಡುವೆ ಒಂದು ಇಕ್ಕಟ್ಟಾದ ಕೋಣೆಯಿದೆ. ಮೊದಲು ಡಬ್ಬ, ಚೀಲ ತುಂಬಿಡುತ್ತಿದ್ದ ಜಾಗ. ಅಲ್ಲೊಂದು ಮೇಜು, ಸ್ಕ್ಯಾನರು, ಕಂಪ್ಯೂಟರು. ಕಿಟಕಿ ತೆರೆದರೆ ಪಕ್ಕದ ಮನೆಯ ಗೋಡೆ. ಅತ್ತೆಯ ಸಾಮ್ರಾಜ್ಯವೆಂದರೆ ಇಷ್ಟೇ. ಸ್ಕ್ಯಾನರು ಪ್ರತಿ ಫೋಟೋಗೂ ಉದ್ದನೆಯ ಒಂದು ನಂಬರ್ ಹಾಕಿಕೊಡುತ್ತದೆ. ಆ ನಂಬರು ದೇವರಿಗೇ ನೆನಪಿರಬೇಕು. ಅದಕ್ಕೆ ಅತ್ತೆ ಫೋಟೋದ ಫೈಲಿನೊಳಗೆ ಗುರುತಿಗೆಂದು ನಾಲ್ಕು ಮಾತು ಬರೆದಿಡುತ್ತಾರೆ. "ಹುಳ ತಿಂದ ಕಿವಿ, ಜಂಬದ ಮೀಸೆ." "ಕಾಫಿ ಬಿದ್ದ ಮದುಮಗ, ಹೆದರಿದ ಕಣ್ಣು." "ಅಳೋಕೆ ತಯಾರಾದ ಮಗು." ಜನರ ಹೆಸರು ಬರೆದಿಡಬಾರದಾ ಎಂದು ನಾನೊಮ್ಮೆ ಕೇಳಿದ್ದೆ. "ಹೆಸರು ನೂರು ಜನಕ್ಕೆ ಒಂದೇ ಇರುತ್ತೆ ಕಣೇ, ಮುಖ ಹಂಗಲ್ಲ" ಅಂದರು. ಬೇಕಾದಾಗ ಸರ್ಚಿನ ಪೆಟ್ಟಿಗೆಯಲ್ಲಿ ಒಂದು ಮಾತು ಒತ್ತಿದರೆ ಆ ಮುಖ ಎದುರು ಬಂದು ನಿಲ್ಲುತ್ತಿತ್ತು.

ಮಾವ ಲೈನ್‌ಮನ್ ಆಗಿದ್ದವರು. ಕಂಬ ಹತ್ತುತ್ತ ಹತ್ತುತ್ತ ಕೊನೆಗೆ ಕಂಬ ಹತ್ತಿಸುವ ಮೇಸ್ತ್ರಿಯಾದರು. ಆಳು ಕಂಬ ಹತ್ತುವ ಮೊದಲು ಕೆಳಗೆ ಸ್ವಿಚ್ ಇಳಿಸಿ, ಅದಕ್ಕೊಂದು ತಗಡಿನ ಬೋರ್ಡ್ ನೇತುಹಾಕಬೇಕು. ಕೆಲಸ ಮುಗಿದ ಮೇಲೆ "ಎಲ್ಲ ಇಳಿದ್ರಾ?" ಎಂದು ಗಟ್ಟಿಯಾಗಿ ಕೂಗಿ ಕೇಳಬೇಕು. ಒಬ್ಬೊಬ್ಬರ ದನಿಯನ್ನೂ ಕಿವಿಯಾರೆ ಕೇಳಿಸಿಕೊಂಡ ಮೇಲೆಯೇ ಸ್ವಿಚ್ ಮುಟ್ಟುವುದು. ತಮ್ಮ ಕೈಕೆಳಗೆ ಒಂದು ಜೀವವೂ ಹೋಗಲಿಲ್ಲ ಎಂಬುದು ಮಾವನ ಹೆಮ್ಮೆ, ಆ ಹೆಮ್ಮೆಗೆ ಅರ್ಥವಿದೆ. ಹೋದ ವರ್ಷ ಅವರು ನಿವೃತ್ತರಾದರು. ಹೊರಗಿನ ಸ್ವಿಚ್ಚುಗಳೆಲ್ಲ ಕೈತಪ್ಪಿದ ಮೇಲೆ ಇಡೀ ದಿನ ಮನೆಯೊಳಗಿನ ಸ್ವಿಚ್ಚುಗಳ ಮೇಲೆ ಕಣ್ಣು ಬಿತ್ತು. ಅದೇ ಹೊತ್ತಿಗೆ ಅತ್ತೆಯ ಹಳೆಯ ಕಂಪ್ಯೂಟರ್ ಕೆಟ್ಟು ಕೂತಿತು. ನನ್ನ ಗಂಡ ಹೊಸದೊಂದನ್ನು ತಂದು, ಹಳೆಯ ಫೋಟೋಗಳನ್ನೆಲ್ಲ ಅದಕ್ಕೆ ತುಂಬಿಸಿಕೊಟ್ಟರು. ಈ ಎರಡು ಸಂಗತಿಗಳಿಗೂ ಸಂಬಂಧವಿದೆಯೆಂದು ಆಗ ಯಾರಿಗೂ ಹೊಳೆಯಲಿಲ್ಲ.

ಬೀದಿಯ ಕೊನೆಯಲ್ಲಿ ಇಸ್ತ್ರಿ ಅಂಗಡಿಯಿತ್ತು. ಇತ್ತು ಅನ್ನುತ್ತೇನೆ, ಯಾಕೆಂದರೆ ಮೊನ್ನೆ ಅದು ಸುಟ್ಟುಹೋಯಿತು. ಇಸ್ತ್ರಿಪೆಟ್ಟಿಗೆ ಆನ್ ಆಗಿದ್ದ ಹಾಗೇ ಅಂಗಡಿಯವಳು ಪಕ್ಕದ ಬೀದಿಗೆ ಬಟ್ಟೆ ಕೊಡಲು ಹೋಗಿದ್ದಳು. ಪುಣ್ಯಕ್ಕೆ ಯಾರ ಜೀವಕ್ಕೂ ಅಪಾಯವಾಗಲಿಲ್ಲ. ಮಾವ ಮಾತ್ರ ಮನೆಮಂದಿಯನ್ನೆಲ್ಲ ಕರೆದು, "ನೋಡಿದ್ರಾ? ನಾನು ಬಡ್ಕೊಳ್ಳೋದು ಇದಕ್ಕೇ" ಎಂದು ಉಪನ್ಯಾಸ ಕೊಟ್ಟರು. ಆವತ್ತಿನಿಂದ ಸ್ವಿಚ್ಚಿನ ಕಾವಲು ಇನ್ನೂ ಬಿಗಿಯಾಯಿತು.

ಬುಧವಾರ ಇಸ್ತ್ರಿಯವಳು ಮನೆಗೆ ಬಂದಳು. ಉರಿಯುವ ಅಂಗಡಿಯಿಂದ ಬಟ್ಟೆ ಎಳೆಯಲು ಹೋಗಿ ಸುಟ್ಟುಕೊಂಡ ಮುಂಗೈಗೆ ಬ್ಯಾಂಡೇಜು, ಕಣ್ಣು ಕೆಂಪಗಿತ್ತು.

"ಅಕ್ಕ, ನನ್ನಮ್ಮನ ಫೋಟೋ ಸರಿ ಮಾಡ್ಕೊಟ್ಟಿದ್ರಲ್ಲ, ಅಂಗಡೀಲಿ ಹಾಕಿದ್ದೆ. ಅದೂ ಹೋಯ್ತು, ಹಳೇದೂ ಹೋಯ್ತು. ಅಮ್ಮಂದು ಬೇರೆ ಒಂದೂ ಇಲ್ಲ" ಅಂದಳು. "ನಿಮ್ಮ ಕಂಪ್ಯೂಟರಲ್ಲಿ ಇರುತ್ತಲ್ವಾ?"

"ಇರದೆ ಎಲ್ಲಿಗೆ ಹೋಗುತ್ತೆ" ಅತ್ತೆ ಅಂದರು. "ಚೆನ್ನಾಗಿ ನೆನಪಿದೆ. ನಗು ತಡ್ಕೊಂಡಿರೋ ಮುಖ. ಹಳೇ ಫೋಟೋದಲ್ಲಿ ಯಾರೂ ನಗಲ್ಲ ಕಣೇ, ಎಲ್ರೂ ಗಲ್ಲಿಗೆ ಹೋಗೋರ ಥರ ನಿಂತಿರ್ತಾರೆ. ನಿಮ್ಮಮ್ಮ ಒಬ್ಳೇ."

ಹೊಸ ಕಂಪ್ಯೂಟರ್ ಬಂದ ಮೇಲೆ ಹಳೆಯ ಫೋಟೋ ಹುಡುಕುವ ಪ್ರಸಂಗ ಬಂದಿರಲಿಲ್ಲ. ಹೋಗಿ ಕೂತು "ನಗು" ಎಂದು ಒತ್ತಿದರು. ಒಂದು ಚಕ್ರ ಸುತ್ತಿತು. ಯಾವುದೂ ಸಿಗಲಿಲ್ಲ ಎಂದು ಕಂಪ್ಯೂಟರ್ ಹೇಳಿತು. "ತುಟಿ" ಒತ್ತಿದರು. ಸಿಗಲಿಲ್ಲ. "ಕಲೆ" ಒತ್ತಿದರು, ಅದೂ ಇಲ್ಲ. ಇಸ್ತ್ರಿಯವಳು ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. ಅತ್ತೆ ಅವಳನ್ನು ಮನೆಗೆ ಕಳಿಸಿ, ಫೋಟೋಗಳನ್ನು ಒಂದೊಂದಾಗಿ ಸರಿಸುತ್ತ ಕೂತರು. ಎಷ್ಟೋ ಸಾವಿರ ಫೋಟೋ, ಉಗುರಿನಷ್ಟು ಉಗುರಿನಷ್ಟು ಮುಖ. ಸಂಜೆಯ ಹೊತ್ತಿಗೆ ಕಣ್ಣಲ್ಲಿ ನೀರು ಸುರಿಯುತ್ತಿತ್ತು. ಆ ಮುಖ ಸಿಗಲಿಲ್ಲ.

ಕೆಲಸದಿಂದ ಬಂದ ನನ್ನ ಗಂಡನೂ ಕೂತು ಹುಡುಕಿದರು. ಆಮೇಲೆ ನಿಧಾನವಾಗಿ, ಚಿಕ್ಕ ಮಕ್ಕಳಿಗೆ ಹೇಳುವ ದನಿಯಲ್ಲಿ ಶುರುಮಾಡಿದರು.

"ಅಮ್ಮ, ಆ ಫೋಟೋ ನೀನು ಮಾಡಿಲ್ಲ ಅನ್ಸುತ್ತೆ. ಬೇರೆ ಯಾರದೋ ನೆನಪು ಇದಕ್ಕೆ ಸೇರ್ಕೊಂಡಿದೆ."

"ಮಾಡಿದೀನಿ ಅಂತ ಅವಳೇ ಹೇಳ್ತಿದಾಳಲ್ಲೋ."

"ಬೇರೆ ಕಡೆ ಮಾಡ್ಸಿರ್ಬೇಕು. ಸುಟ್ಟ ಗಾಬರೀಲಿ ಏನೋ ಹೇಳ್ತಾಳೆ. ಕಂಪ್ಯೂಟರ್ ಸುಳ್ಳು ಹೇಳಲ್ಲಮ್ಮ."

 ಆ ದನಿ ನನಗೇ ಚುಚ್ಚಿತು, ಹೆತ್ತವರಿಗೆ ಇನ್ನೆಷ್ಟು ಚುಚ್ಚಿರಬೇಕು. ಫೋನಿನಲ್ಲಿ ನಾದಿನಿಯೂ ಸೇರಿಕೊಂಡಳು. ಅಣ್ಣ ತಂಗಿ ಇಬ್ಬರೂ ಕೂಡಿ ಲೆಕ್ಕ ಹಾಕಿದರು: ಹೋದ ತಿಂಗಳು ಅಮ್ಮ ಹಾಲು ಉಕ್ಕಿಸಿದ್ದಳು, ಬಚ್ಚಲ ನಲ್ಲಿ ಬಿಟ್ಟಿದ್ದಳು, ಮೊಮ್ಮಗಳನ್ನು ಮಗಳ ಹೆಸರಿನಿಂದ ಕರೆದಿದ್ದಳು. ಅರವತ್ತಕ್ಕೆ ಅರಳುಮರಳು ಎಂದು ಯಾರೂ ಬಾಯಿಬಿಟ್ಟು ಹೇಳಲಿಲ್ಲ, ಹೇಳುವುದೂ ಬೇಕಿರಲಿಲ್ಲ. ನಾನು ಉಕ್ಕಿಸಿದ ಹಾಲಿನಲ್ಲಿ ಒಂದು ಕೆರೆ ತುಂಬಬಹುದು, ನನ್ನನ್ನು ಯಾರೂ ಅರಳುಮರಳು ಅಂದಿಲ್ಲ. ಕೊನೆಗೆ ತೀರ್ಮಾನವಾಯಿತು. ಭಾನುವಾರ ನಾದಿನಿ ಕಾರು ತರುತ್ತಾಳೆ, ಕಂಪ್ಯೂಟರನ್ನು ತನ್ನ ಮಕ್ಕಳಿಗೆ ಒಯ್ಯುತ್ತಾಳೆ, ಅಮ್ಮ ಇನ್ನು ಆರಾಮಾಗಿರುತ್ತಾಳೆ. ಸ್ಟುಡಿಯೋ ಮಾಲೀಕ ಆಡಿದ್ದ ಅದೇ ಮಾತು.

"ಆ ಮುಖ ಇದರೊಳಗಿದೆ" ಅತ್ತೆ ಅಂದರು. "ಭಾನುವಾರದೊಳಗೆ ತೋರಿಸ್ತೀನಿ. ತೋರಿಸ್ದೆ ಹೋದ್ರೆ ತಗೊಂಡು ಹೋಗಿ. ಸುಮ್ನೆ ಅಲ್ಲ, ಅರಳುಮರಳು ಅಂತ ನಾನೇ ಒಪ್ಕೊಂಡು ಕಳಿಸ್ಕೊಡ್ತೀನಿ."

ಶುಕ್ರವಾರ ನನ್ನ ಗಂಡ ಪರಿಚಯದ ರಿಪೇರಿಯವನೊಬ್ಬನನ್ನು ಕಳಿಸಿದರು. ಆತ ಕುರ್ಚಿಯಲ್ಲಿ ಕೂರಲೂ ಇಲ್ಲ. ನಿಂತಲ್ಲೇ ನಾಲ್ಕು ಸಲ ಕ್ಲಿಕ್ ಮಾಡಿ, "ಎಲ್ಲ ಅಳಿಸಿ ಹೊಸದಾಗಿ ಹಾಕ್ಬೇಕು ಆಂಟಿ. ಫೋಟೋ ಕೆಲವು ಹೋದ್ರೂ ಹೋಗ್ಬೋದು" ಅಂದ.

"ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಹಾಕ್ತೀಯೇನಪ್ಪ?" ಎಂದು ಅತ್ತೆ ಅವನಿಗೆ ಕಾಫಿ ಕೊಟ್ಟು ಸಾಗಹಾಕಿದರು.

ಶನಿವಾರ ನನಗೆ ರಜೆ. ಔಷಧಿ ಅಂಗಡಿಯಲ್ಲಿ ವಾರವೆಲ್ಲ ನಿಂತು ಕಾಲು ಸೋತಿದ್ದವು. ಆದರೂ ಅತ್ತೆಯ ಪಕ್ಕದಲ್ಲೊಂದು ಸ್ಟೂಲ್ ಹಾಕಿಕೊಂಡು ಕೂತೆ. ಹೊಸ ವೈದ್ಯನಿಗಿಂತ ಹಳೆಯ ರೋಗಿ ವಾಸಿ ಎನ್ನುತ್ತಾರಲ್ಲ, ಅತ್ತೆ ತಾವೇ ನಾಡಿ ಹಿಡಿದರು. ಮೊದಲು "ಮೀಸೆ" ಎಂದು ಒತ್ತಿದರು. ಯಾವುದೂ ಸಿಗಲಿಲ್ಲ ಎಂದಿತು ಕಂಪ್ಯೂಟರ್.

ಅತ್ತೆ ಕನ್ನಡಕವನ್ನು ತಲೆಯಿಂದ ಮೂಗಿಗೆ ಇಳಿಸಿದರು. "ಎಷ್ಟು ವರ್ಷದಿಂದ ಗಂಡಸ್ರ ಮುಖ ತಿದ್ದಿದೀನಿ. ಇದರೊಳಗೆ ಒಂದು ಮೀಸೇನೂ ಇಲ್ವಂತೆ, ನಂಬ್ತೀಯಾ?"

ಕಣ್ಣಿಗೆ ಕಂಡ ಒಂದು ಮೀಸೆಯ ಫೋಟೋ ತೆರೆದು, ಅದರ ವಿವರದ ಪುಟ ತೆಗೆದು ತೋರಿಸಿದರು. "ಜಂಬದ ಮೀಸೆ" ಎಂಬ ಮಾತು ಅಲ್ಲೇ ಇತ್ತು. ಬರೆದದ್ದು ಬರೆದಲ್ಲೇ ಇದೆ, ಹುಡುಕುವವನಿಗೆ ಕಣ್ಣಿಲ್ಲ ಅಷ್ಟೇ. ಇದನ್ನು ಈಗಲೇ ನನ್ನ ಗಂಡನಿಗೆ ತೋರಿಸೋಣ ಎಂದೆ, ಎದೆ ಹಗುರಾಗಿತ್ತು.

"ಬೇಡ. ಮೀಸೆ ತೋರಿಸಿ ಕನಿಕರ ಬೇಡಲ್ಲ ನಾನು. ಆ ಮುಖಾನೇ ತೋರಿಸ್ತೀನಿ."

ರೀಸ್ಟಾರ್ಟ್ ಮಾಡಿದೆವು, ಉಪಯೋಗವಿಲ್ಲ. ಸೆಟ್ಟಿಂಗಿನೊಳಗೆ ದೋಷ ಪತ್ತೆ ಮಾಡುವ ಒಂದು ಬಟನ್ ಇತ್ತು, ಒತ್ತಿದೆವು. ಬಹಳ ಹೊತ್ತು ಯೋಚಿಸಿದ ಹಾಗೆ ಮಾಡಿ, ಯಾವ ದೋಷವೂ ಇಲ್ಲ ಎಂದಿತು. "ಕಳ್ಳನ್ನೇ ಕರೆದು ಕಳ್ಳತನ ಆಗಿದ್ಯಾ ಅಂತ ಕೇಳಿದ ಹಾಗಾಯ್ತು" ಎಂದು ಅತ್ತೆ ಮುಂದಿನ ಪುಟಕ್ಕೆ ಹೋದರು. ಅಲ್ಲಿ ಇಂಡೆಕ್ಸ್ ಎಂಬುದೊಂದಿತ್ತು. ಪುಸ್ತಕದ ಕೊನೆಯಲ್ಲಿ ಯಾವ ಮಾತು ಯಾವ ಪುಟದಲ್ಲಿದೆ ಎಂದು ಕೊಟ್ಟಿರುತ್ತಾರಲ್ಲ, ಕಂಪ್ಯೂಟರೂ ಹಾಗೆ ಒಂದೊಂದು ಫೈಲನ್ನೂ ಓದಿ ತನಗೊಂದು ಸೂಚಿ ಮಾಡಿಟ್ಟುಕೊಳ್ಳುತ್ತದೆ. ನಾವು ಕೇಳಿದಾಗ ಫೈಲುಗಳಲ್ಲಿ ಹುಡುಕುವುದಿಲ್ಲ, ಆ ಸೂಚಿಯಲ್ಲಿ ನೋಡಿ ಹೇಳುತ್ತದೆ. ಈ ಹೊಸ ಕಂಪ್ಯೂಟರ್ ಓದಿ ಮುಗಿಸಿದ ಫೈಲುಗಳು ಬೆರಳೆಣಿಕೆಯಷ್ಟೇ ಇದ್ದವು. ವರ್ಷದಿಂದ ಕೂತು ಒಂದನೇ ಪಾಠವನ್ನೂ ದಾಟಿರಲಿಲ್ಲ. ಕೆಳಗೆ ಸಣ್ಣಕ್ಷರದಲ್ಲಿ, ನೀವು ಕೆಲಸ ಮಾಡುತ್ತಿರುವುದರಿಂದ ಓದು ನಿಧಾನವಾಗಿದೆ ಎಂದು ಬರೆದಿತ್ತು.

ಅತ್ತೆ ಮೌಸಿನಿಂದ ಕೈ ತೆಗೆದರು. ಸ್ವಲ್ಪ ಹೊತ್ತಿಗೆ ಅಂಕಿ ಏರತೊಡಗಿತು. ಮತ್ತೆ ಕೈಯಿಟ್ಟರೆ ನಿಂತಿತು.

"ಮುಟ್ಟಿದರೆ ಮುನಿ" ಎಂದು ನಕ್ಕರು. "ಯಾರೂ ಮುಟ್ಟದೆ ಇದ್ದಾಗ ಓದುತ್ತಂತೆ. ಸರಿ, ಓದ್ಲಿ ಬಿಡು, ಬಾ ಕಾಫಿ ಕುಡಿಯೋಣ."

ಕಾಫಿ ಕುಡಿದು, ಪಾತ್ರೆ ತೊಳೆದು, ತರಕಾರಿ ಹೆಚ್ಚಿ ಬಂದು ನೋಡಿದರೆ ಪರದೆ ಕಪ್ಪಗಿತ್ತು. ಗೋಡೆಯ ಸ್ವಿಚ್ ಆಫ್ ಆಗಿತ್ತು. ಮತ್ತೆ ಆನ್ ಮಾಡಿ ಆ ಪುಟ ತೆರೆದರೆ ಏರಿದ್ದ ಅಂಕಿಯೆಲ್ಲ ಬಿದ್ದುಹೋಗಿ, ಓದು ಮೊದಲಿನಿಂದ ಶುರುವಾಗಿತ್ತು. ನಡುವೆ ಹಾಗೆ ಫಕ್ಕನೆ ಕರೆಂಟ್ ತೆಗೆದರೆ ಮಾಡಿಟ್ಟ ಸೂಚಿ ಕೆಡುತ್ತದೆ, ಮತ್ತೆ ಒಂದರಿಂದ ಆರಂಭ. ಅತ್ತೆ ಎದ್ದರೆ ಮಾವ ಆಫ್ ಮಾಡುವುದು ಇವತ್ತು ನಿನ್ನೆಯದಲ್ಲ. ಅದಕ್ಕೆಂದೇ ಅತ್ತೆ ಏಳುವ ಮೊದಲು ಕೆಲಸವನ್ನು ಸೇವ್ ಮಾಡುವುದನ್ನು ರೂಢಿಸಿಕೊಂಡಿದ್ದರು, ಹಾಗಾಗಿ ಯಾರಿಗೂ ನಷ್ಟ ಕಂಡಿರಲಿಲ್ಲ. ಹಳೆಯ ಕಂಪ್ಯೂಟರಿನ ಕಾಲದಲ್ಲಿ ಮಾವ ಬೆಳಿಗ್ಗೆ ಹೋದರೆ ಸಂಜೆಗೆ ಬರುತ್ತಿದ್ದರು, ಅದಕ್ಕೆ ಓದಲು ಪುರುಸೊತ್ತಿತ್ತು. ಇದಕ್ಕೆ ಅತ್ತೆ ಕೂತಿದ್ದಾಗ ಓದಲು ಬಿಡುವಿಲ್ಲ, ಅತ್ತೆ ಎದ್ದರೆ ಜೀವವೇ ಇಲ್ಲ. ಅತ್ತೆ ಸ್ವಿಚ್ಚನ್ನೇ ನೋಡುತ್ತ ನಿಂತರು. ಮುಖ ಕೆಂಪಗಾಗುತ್ತ ಬಂತು.

"ರೀ" ಎಂದು ಕರೆದರು. ಆ ಕರೆಗೆ ನಾನೇ ಒಂದು ಹೆಜ್ಜೆ ಹಿಂದೆ ಸರಿದೆ.

ಮಾವ ಬಂದರು. "ಏನೇ? ಯಾರೂ ಇರ್ಲಿಲ್ಲ, ಅದಕ್ಕೆ ಆಫ್ ಮಾಡ್ದೆ."

"ಯಾರೂ ಇಲ್ಲದಾಗ್ಲೇ ಅದು ಕೆಲಸ ಮಾಡೋದು."

ಮಾವ ನಕ್ಕುಬಿಟ್ಟರು. "ಯಾರೂ ನೋಡದೆ ಇದ್ದಾಗ ಕೆಲಸ ಮಾಡೋ ಆಳನ್ನ ನಾನು ಸರ್ವೀಸಲ್ಲೇ ನೋಡಿಲ್ಲ ಕಣೇ."

"ನಾಳೆ ಪೂರ್ತಿ ಇದನ್ನ ಆಫ್ ಮಾಡೋ ಹಾಗಿಲ್ಲ."

"ಯಾರೂ ಇಲ್ಲದ ಕೋಣೇಲಿ ದಿನಪೂರ್ತಿ ಕರೆಂಟಾ? ಇಸ್ತ್ರಿ ಅಂಗಡಿ ಹೇಗೆ ಸುಡ್ತು ಅಂತ ಮರೆತ್ಯಾ? ಈ ಮನೇಲಿ ನಾನಿರೋವರೆಗೂ ಅದು ಆಗಲ್ಲ." ಮಾವನೂ ಹಟಕ್ಕೆ ಬಿದ್ದರು.

ಭಾನುವಾರ ಬೆಳಿಗ್ಗೆ ಅತ್ತೆ ಬೇಗ ಮಿಂದು, ಕಂಪ್ಯೂಟರ್ ಹಾಕಿ, ಹಳೆಯ ಸೂಚಿಯನ್ನು ಅಳಿಸಿ ಹೊಸದಾಗಿ ಕಟ್ಟು ಎಂದು ಅಪ್ಪಣೆ ಕೊಟ್ಟರು. ಆಮೇಲೆ ಸ್ಟೂಲನ್ನು ಎಳೆದು ಸರಿಯಾಗಿ ಸ್ವಿಚ್‌ಬೋರ್ಡಿನ ಕೆಳಗಿಟ್ಟು, ಗೋಡೆಗೆ ಬೆನ್ನು ಕೊಟ್ಟು ಕೂತರು. ಕೈಯೆರಡೂ ಮಡಿಲಲ್ಲಿ. ತರಕಾರಿಯಿಲ್ಲ, ಸೂಜಿದಾರವಿಲ್ಲ, ಪೇಪರಿಲ್ಲ. ಅತ್ತೆಯ ಕೈ ಖಾಲಿಯಾಗಿದ್ದುದನ್ನು ನಾನು ನೋಡಿದ್ದು ಅದೇ ಮೊದಲು. ಸುಮ್ಮನೆ ಕೂರುವುದು ಅವರಿಗೆಷ್ಟು ಕಷ್ಟವೆಂದರೆ, ಬೆರಳುಗಳು ತಮ್ಮಷ್ಟಕ್ಕೆ ತಾವೇ ಬಟ್ಟೆಯ ಅಂಚನ್ನು ಮಡಚಿ ಬಿಚ್ಚುತ್ತಿದ್ದವು.

ಮಾವ ಬಂದು ನೋಡಿದರು, ಹೋದರು, ಮತ್ತೆ ಬಂದರು. "ನೀನು ಹೋಗಿ ತಿಂಡಿ ತಿನ್ನು, ನಾನು ನೋಡ್ಕೋತೀನಿ" ಅಂದರು.

"ಬೆಕ್ಕನ್ನ ಹಾಲಿಗೆ ಕಾವಲಿಡ್ತಾರಾ?"

"ಒಂದು ಫೋಟೋಗೆ ಇಷ್ಟು ಹಟ ಯಾಕೇ?"

ಅತ್ತೆಯ ದನಿ ತಗ್ಗಿತು. "ಫೋಟೋಗಲ್ಲ ರೀ. ಇವತ್ತು ಇದು ಸಿಗ್ದೆ ಹೋದ್ರೆ, ನಾಳೆಯಿಂದ ನಾನು ಏನು ಹೇಳಿದ್ರೂ ಈ ಮಕ್ಕಳು ಆ ಥರ ನೋಡ್ತಾರೆ. ಉಪ್ಪು ಹಾಕಿದೀನಿ ಅಂದ್ರೂ ರುಚಿ ನೋಡಿ ನಂಬ್ತಾರೆ. ಅದು ನಂಗೆ ಆಗಲ್ಲ." ಆಮೇಲೆ ಕೇಳಿದರು, "ನೀವು ಕಂಬದ ಮೇಲೆ ಆಳಿದ್ದಾಗ ಯಾವತ್ತಾದ್ರೂ ಸ್ವಿಚ್ ಮುಟ್ಟಿದ್ರಾ?"

ಮಾವನಿಗೆ ಸಿಟ್ಟು ಬಂತು. "ಏನು ಮಾತು ಅಂತ ಆಡ್ತೀಯ? ಮುಟ್ಟಿದ್ರೆ ಆಳು ಉಳೀತಾನಾ?"

"ಇದರೊಳಗೂ ಒಬ್ಬ ಹತ್ತಿದಾನೆ. ಒಂದೊಂದೇ ಫೋಟೋ ಓದ್ಕೊಂಡು ಮೇಲೆ ಹೋಗ್ತಿದಾನೆ. ವರ್ಷದಿಂದ ದಿನಾ ಅರ್ಧ ಹತ್ತಿದ ಕೂಡ್ಲೇ ನೀವು ಸ್ವಿಚ್ ಮುಟ್ತಿದೀರಿ."

"ಆನ್ ಮಾಡಿದ್ರೆ ತಾನೇ ಅಪಾಯ, ನಾನು ಮಾಡೋದು ಆಫ್" ಎಂದು ಮಾವ ವಾದ ಹೂಡಿದರು, ದನಿಯಲ್ಲಿ ಬಲವಿರಲಿಲ್ಲ.

"ಇವನು ಆಫ್ ಮಾಡಿದ್ರೆ ಬೀಳ್ತಾನೆ."

ಮಾವ ಪರದೆಯನ್ನು ನೋಡಿದರು. ಅಂಕಿ ಏರುತ್ತಿತ್ತು. ಹಿತ್ತಲಿನ ಕಡೆ ಹೋದರು. ಬಹಳ ಹೊತ್ತು ಅಲ್ಲಿಂದ ಡಬ್ಬ ಉರುಳಿಸುವ ಸದ್ದು ಬರುತ್ತಿತ್ತು.

ಅಷ್ಟರಲ್ಲಿ ಬಾಗಿಲಲ್ಲಿ ಕಾರು ನಿಂತಿತು. ನಾದಿನಿ ಬಂದವಳೇ, "ಏನಮ್ಮ ಇದು, ಸ್ವಿಚ್ ಕೆಳಗೆ ಕೂತಿದೀಯ?" ಅಂದಳು. ಅವಳಿಗೆ ನಿಜವಾಗಿಯೂ ಗಾಬರಿಯಾಗಿತ್ತು, ಅಣ್ಣನ ಮುಖ ನೋಡಿದಳು. ನೋಡು, ನಾನು ಹೇಳಲಿಲ್ಲವೇ ಎಂಬಂತೆ ನನ್ನ ಗಂಡ ತಲೆಯಾಡಿಸಿದರು.

"ಸಂಜೆವರೆಗೂ ಟೈಮಿದೆ" ಅತ್ತೆ ಅಂದರು.

"ಸಂಜೆಗೆ ನಮಗೆ ಬೇರೆ ಕಡೆ ಹೋಗೋದಿದೆಯಮ್ಮ. ಯಾಕೆ ಸುಮ್ನೆ ಮನಸ್ಸಿಗೆ ಹಚ್ಕೋತೀಯ? ವಯಸ್ಸಾದ್ಮೇಲೆ ಎಲ್ರಿಗೂ ಇದ್ದದ್ದೇ."

"ಅತ್ತೆ ಸರಿಯಾಗೇ ಹೇಳ್ತಿದಾರೆ, ಕೆಟ್ಟಿರೋದು ಸರ್ಚು" ಎಂದೆ ನಾನು. 

"ನೀನು ಸುಮ್ನಿರೇ, ನೀನೊಬ್ಳು ತಾಳ ಹಾಕ್ತೀಯ" ಅಂದರು ನನ್ನ ಗಂಡ. ಅವರು ಕೆಟ್ಟವರಲ್ಲ, ತಾಯಿಯ ಮೇಲೆ ಅಕ್ಕರೆಯೂ ಇದೆ. ಆದರೆ ಆ ಹೊತ್ತಿನಲ್ಲಿ ಅವರನ್ನು ಕಂಡರೆ ನನಗೆ ಮೈ ಉರಿಯಿತು. ಅವರು ಮುಂದೆ ಬಂದು, ಅತ್ತೆಯ ತಲೆಯ ಮೇಲಿಂದ ಸ್ವಿಚ್ಚಿಗೆ ಕೈ ಚಾಚಿದರು. "ಸಾಕಮ್ಮ ಹಟ. ಏಳು."

ಅತ್ತೆ ಏಳಲಿಲ್ಲ. ಮಗನ ಮುಖವನ್ನೇ ನೋಡುತ್ತ ಕೂತರು.

"ಕೈ ತೆಗಿ."

ದನಿ ಬಾಗಿಲಿನಿಂದ ಬಂತು. ಮಾವ ಮನೆಯೊಳಗೆ ಎಂದೂ ಆ ದನಿ ತೆಗೆದಿರಲಿಲ್ಲ, ಅದು ರಸ್ತೆಯ ಮೇಲೆ ನಿಂತು ಕಂಬದ ತುದಿಗೆ ಕೇಳಿಸಬೇಕಾದ ದನಿ. ನನ್ನ ಗಂಡ ಕೈ ಹಿಂದೆಗೆದುಕೊಂಡರು. ಮಾವನ ಬಟ್ಟೆಗೆಲ್ಲ ಧೂಳು ಮೆತ್ತಿತ್ತು. ಕೈಯಲ್ಲಿ ಒಂದು ತಗಡಿನ ಬೋರ್ಡು, ಅಂಚು ತುಕ್ಕು ಹಿಡಿದಿತ್ತು, ಕೆಂಪಕ್ಷರ ಅರ್ಧ ಅಳಿಸಿತ್ತು. ಅವರು ಅತ್ತೆಯ ತಲೆಯ ಮೇಲೆ ಬಾಗಿ, ಬೋರ್ಡಿನ ತಂತಿಯನ್ನು ಪ್ಲಗ್ಗಿನ ಕತ್ತಿಗೆ ಸುತ್ತಿ ನೇತುಹಾಕಿದರು. ಮೇಲೆ ಕೆಲಸ ನಡೆಯುತ್ತಿದೆ, ಸ್ವಿಚ್ ಮುಟ್ಟಬೇಡಿ ಎಂದು ಅದರಲ್ಲಿತ್ತು.

"ಏನಪ್ಪ ಇದು" ನಾದಿನಿ ಅಂದಳು.

"ಮೇಲೆ ಜನ ಇದಾರೆ" ಅಂದರು ಮಾವ. ಬೇರೆ ವಿವರಣೆ ಕೊಡದೆ ಇನ್ನೊಂದು ಕುರ್ಚಿ ತಂದು ಅತ್ತೆಯ ಪಕ್ಕದಲ್ಲೇ ಹಾಕಿಕೊಂಡು ಕೂತರು.

ಅಪ್ಪ ಅಮ್ಮ ಇಬ್ಬರೂ ಹೀಗೆ ಒಂದೇ ಗೋಡೆಗೆ ಬೆನ್ನು ಕೊಟ್ಟು ಕೂತ ಮೇಲೆ ಮಕ್ಕಳು ಏನು ತಾನೇ ಮಾಡಿಯಾರು? ನಾದಿನಿ ಹೋಗಬೇಕಾದ ಕಡೆಗೆ ಬರುವುದಿಲ್ಲ ಎಂದು ಫೋನ್ ಮಾಡಿದಳು. ನಾನು ಎಲ್ಲರಿಗೂ ಊಟ ಬಡಿಸಿದೆ. ಅತ್ತೆ ಮಾವನಿಗೆ ಕೂತಲ್ಲಿಗೇ ತಟ್ಟೆ ಕೊಟ್ಟೆ.  ಮಾವ ಆಗಾಗ ಬಗ್ಗಿ ಅಂಕಿ ನೋಡಿ, "ಎಲ್ಲಿವರೆಗೆ ಹತ್ತಿದಾನೆ?" ಎಂದು ಕೇಳುತ್ತಿದ್ದರು. ಬಿಸಿಲು ಪಕ್ಕದ ಮನೆಯ ಗೋಡೆಯಿಂದ ಇಳಿಯುವ ಹೊತ್ತಿಗೆ ಅಂಕಿ ನಿಂತಿತು. ಓದು ಮುಗಿದಿದೆ ಎಂಬ ಸಾಲು ಬಂತು.

"ಎಲ್ಲ ಇಳಿದ್ರಾ?" ಮಾವ ಕೇಳಿದರು.

ಅತ್ತೆ ಎದ್ದು ಆ ಸಾಲನ್ನು ಓದಿಕೊಂಡರು. "ಇಳಿದ್ರು."

ಮೊದಲು "ಮೀಸೆ" ಎಂದು ಒತ್ತಿದರು. ಪರದೆ ತುಂಬ ಮೀಸೆಗಳು ಬಂದು ನಿಂತವು. ಹುರಿ ಮಾಡಿದ್ದು, ಜೋತುಬಿದ್ದದ್ದು, ಇದ್ದೂ ಇಲ್ಲದಂತಿದ್ದದ್ದು. ನಾದಿನಿಗೆ ನಗು ತಡೆಯಲಾಗಲಿಲ್ಲ. ನನ್ನ ಗಂಡ ನಗಲಿಲ್ಲ, ಅವರಿಗೆ ಅಷ್ಟರಲ್ಲೇ ಅರ್ಥವಾಗಿತ್ತು. ಆಮೇಲೆ ಅತ್ತೆ "ನಗು" ಎಂದು ಒತ್ತಿದರು. ಒಂದೇ ಒಂದು ಫೋಟೋ ಬಂತು.

ಒಂದು ಮುಖವಲ್ಲ, ಒಂದು ಗುಂಪು. ನೂಲಿನ ಗಿರಣಿಯ ಗೇಟಿನ ಮುಂದೆ ಸಾಲುಸಾಲಾಗಿ ನಿಂತ ಕೆಲಸದ ಹೆಂಗಸರು.

"ಇದಲ್ಲಮ್ಮ" ನನ್ನ ಗಂಡ ಮೆಲ್ಲಗೆ ಅಂದರು.

  ಅತ್ತೆ ಹಿಂದಿನ ಸಾಲಿನ ಒಂದು ಚುಕ್ಕೆಯನ್ನು ಹಿಡಿದು ದೊಡ್ಡದು ಮಾಡುತ್ತ ಹೋದರು. ಚುಕ್ಕೆ ತಲೆಯಾಯಿತು, ತಲೆ ಮುಖವಾಯಿತು, ಮುಖ ಪರದೆಯ ತುಂಬ ನಿಂತಿತು. ತುಟಿ ಬಿಗಿಹಿಡಿದು, ಕೆನ್ನೆಯಲ್ಲಿ ನಗು ತಡೆದುಕೊಂಡ ಹೆಣ್ಣು.

"ನೀರಿನ ಕಲೆ ಇವಳ ಮುಖದ ಮೇಲೇ ಬಿದ್ದಿತ್ತು. ಉಳಿದೋರೆಲ್ಲ ಚೆನ್ನಾಗಿದ್ರು" ಅತ್ತೆ ಹೇಳಿದರು. "ದಿನಗಟ್ಟಲೆ ಇವಳೊಬ್ಳನ್ನೇ ಇಷ್ಟು ದೊಡ್ಡದು ಮಾಡ್ಕೊಂಡು ಕೂತಿದ್ದೆ. ಅದಕ್ಕೇ ಒಬ್ಳೇ ಇರೋ ಫೋಟೋ ಅಂತ ಮನಸ್ಸಲ್ಲಿ ಕೂತ್ಕೊಂಡಿದೆ. ಸರಿಸ್ತಾ ಹೋದಾಗ ಈ ಗುಂಪನ್ನ ಎಷ್ಟು ಸಲ ದಾಟಿದೀನೋ."

ನಾನು ಓಡಿಹೋಗಿ ಇಸ್ತ್ರಿಯವಳನ್ನು ಕರೆತಂದೆ. ಅವಳು ಬ್ಯಾಂಡೇಜಿನ ಕೈಯನ್ನು ಪರದೆಯ ಹತ್ತಿರ ಒಯ್ದು, ಮುಟ್ಟಲೋ ಬೇಡವೋ ಎಂದು ಹಾಗೇ ಹಿಡಿದುಕೊಂಡು ನಿಂತಳು. "ಫೋಟೋ ತೆಗೆಯೋನು ಜಾರಿ ಬಿದ್ದಿದ್ನಂತೆ" ಅಂದಳು. "ಅಮ್ಮ ಸಾಯೋವರೆಗೂ ಅದನ್ನ ಹೇಳ್ಕೊಂಡು ನಗ್ತಿದ್ಲು." ಆಮೇಲೆ ಅಳು ಬಂತು, ನಮಗೂ ಬಂತು.

ಅವಳು ಹೋದ ಮೇಲೆ ನನ್ನ ಗಂಡ ಬಾಗಿಲಲ್ಲಿ ನಿಂತರು. "ಸಾರಿ ಅಮ್ಮ. ಕಂಪ್ಯೂಟರೇ ಇಲ್ಲ ಅಂತು, ಅದಕ್ಕೆ..."

"ಅದು ಇಲ್ಲ ಅಂತು, ನೀನು ನಂಬ್ದೆ. ನಾನು ಇದೆ ಅಂದೆ, ನೀನು ನಂಬ್ಲಿಲ್ಲ" ಅತ್ತೆ ಅಂದರು. "ಅದು ಹೊಟ್ಟೇಲಿಟ್ಕೊಂಡೇ ಇಲ್ಲ ಅಂತು ಕಣೋ. ನಾನು ನಿನ್ನನ್ನೇ ಹೊಟ್ಟೇಲಿಟ್ಕೊಂಡಿದ್ದೋಳು."

 ನಾದಿನಿ ಕಾರಿನ ಕೀ ಹಿಡಿದು ಹೊರಡುವಾಗ ಕಂಪ್ಯೂಟರಿನ ಮಾತೆತ್ತಲಿಲ್ಲ. ತನ್ನ ಗಂಡನ ತಾತನದೊಂದು ಹರಿದ ಫೋಟೋ ಇದೆ, ಮುಂದಿನ ವಾರ ತರಲಾ ಎಂದು ಮಾತ್ರ ಕೇಳಿದಳು. ಸಾಲಿನಲ್ಲಿ ಬಂದರೆ ಮಾಡಿಕೊಡುತ್ತೇನೆ ಎಂದರು ಅತ್ತೆ.

ಬೋರ್ಡು ಈಗಲೂ ಆ ಪ್ಲಗ್ಗಿಗೇ ನೇತಾಡುತ್ತಿದೆ. ಉಳಿದ ಕೋಣೆಗಳಲ್ಲಿ ಮಾವನ ಆಡಳಿತ ಹಿಂದಿನಂತೆಯೇ ಇದೆ, ನಾನು ನೀರು ಕುಡಿದು ಬರುವಷ್ಟರಲ್ಲಿ ಫ್ಯಾನು ನಿಂತಿರುತ್ತದೆ. ಆದರೆ ಆ ಇಕ್ಕಟ್ಟಿನ ಕೋಣೆಯ ಹೊಸ್ತಿಲಿಗೆ ಬಂದರೆ ಮಾವ ನಿಲ್ಲುತ್ತಾರೆ. ಸಂಜೆ ದೀಪಗಳನ್ನೆಲ್ಲ ಒಂದೊಂದಾಗಿ ಆರಿಸುತ್ತ ಬಂದು, ಒಳಗೆ ಕಾಲಿಡದೆ, ಅಲ್ಲಿಂದಲೇ ಕೂಗಿ ಕೇಳುತ್ತಾರೆ.

"ಎಲ್ಲ ಇಳಿದ್ರಾ?"

ಯಾರದೋ ಅಜ್ಜಿಯ ಹರಿದ ಕೆನ್ನೆಯ ಮೇಲಿಂದ ಕಣ್ಣು ತೆಗೆಯದೆ ಅತ್ತೆ ಉತ್ತರ ಕೊಡುತ್ತಾರೆ.

"ಇಲ್ಲ. ನಾನಿನ್ನೂ ಮೇಲಿದೀನಿ."